ಆಕಾಶವಾಣಿ ಕಟ್ಟಿದ ಮನಶ್ಶಾಸ್ತ್ರದ ಪ್ರಾಧ್ಯಾಪಕ: ಡಾ. ಎಂ. ವಿ. ಗೋಪಾಲಸ್ವಾಮಿ



ಆಕಾಶವಾಣಿ ಎಂಬ ಹೆಸರು ಕೇಳದವರು ನಮ್ಮಲ್ಲಿ ಯಾರೂ ಇಲ್ಲ. ಏಕಸಂಬಿ, ಚಿಕ್ಕೋಡಿ, ರಾಯಬಾಗ, ನಿಪ್ಪಾಣಿ ಭಾಗದ ಹಿರಿಯರನ್ನು ಕೇಳಿ ನೋಡಿ. ಒಂದು ಕಡೆ ಧಾರವಾಡ, ಇನ್ನೊಂದು ಕಡೆ ಸಾಂಗಲಿ, ಎರಡೂ ಕೇಂದ್ರಗಳನ್ನು ಕೇಳಿ ಬೆಳೆದವರು ಅವರು. ಆದರೆ ಕನ್ನಡ ನಾಡಿನಲ್ಲಿ ಈ ಹೆಸರಿನ ಕೇಂದ್ರ ಮೊದಲು ಶುರುವಾದದ್ದು ಸರ್ಕಾರಿ ಕಟ್ಟಡದಲ್ಲಿ ಅಲ್ಲ, ಒಬ್ಬ ಕಾಲೇಜು ಪ್ರಾಧ್ಯಾಪಕರ ಮನೆಯಲ್ಲಿ. ಅವರು ಎಂಜಿನಿಯರ್ ಆಗಿರಲಿಲ್ಲ, ಭೌತಶಾಸ್ತ್ರದ ಅಧ್ಯಾಪಕರೂ ಆಗಿರಲಿಲ್ಲ. ಅವರು ಕಲಿಸುತ್ತಿದ್ದದ್ದು ಮನಶ್ಶಾಸ್ತ್ರ. ಅವರೇ ಡಾ. ಎಂ. ವಿ. ಗೋಪಾಲಸ್ವಾಮಿ.

ಕಲೆ, ವಾಣಿಜ್ಯ, ವಿಜ್ಞಾನ ಎಂದು ಮೂರು ಕೋಣೆಗಳಲ್ಲಿ ಕುಳಿತು ಓದುವ ನಾವು ಅವರ ಬದುಕನ್ನು ಒಮ್ಮೆ ತಿಳಿದುಕೊಳ್ಳಬೇಕು. ಅದರ ಜೊತೆಗೆ, ಅವರ ಕಾಲದ ದನಿಯನ್ನು ಮನೆಮನೆಗೆ ಮುಟ್ಟಿಸಿದ ವಾಲ್ವ್ ರೇಡಿಯೋ ನಿಮ್ಮ ಮನೆಯ ಅಟ್ಟದ ಮೇಲೆ ಇದ್ದರೆ ಅದನ್ನು ಗುರುತಿಸುವುದು ಹೇಗೆ, ಅದಕ್ಕೆ ವಿದ್ಯುತ್ ಕೊಡುವುದು ಹೇಗೆ ಎಂಬುದನ್ನೂ ಈ ಲೇಖನದಲ್ಲಿ ನೋಡೋಣ.

ಲಂಡನ್ನಿನಿಂದ ಮೈಸೂರಿಗೆ

ಗೋಪಾಲಸ್ವಾಮಿಯವರು ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ. ಅವರು ಹೆಚ್ಚಿನ ಓದಿಗಾಗಿ ಲಂಡನ್ನಿಗೆ ಹೋದಾಗ ಅಲ್ಲಿ ಅವರಿಗೆ ಗುರುಗಳಾಗಿ ಸಿಕ್ಕವರು ಚಾರ್ಲ್ಸ್ ಸ್ಪಿಯರ್‌ಮನ್. ಬುದ್ಧಿಶಕ್ತಿಯನ್ನು ಲೆಕ್ಕದ ಮೂಲಕ ಅಳೆಯುವ ದಾರಿ ತೋರಿಸಿ ಜಗತ್ತಿಗೆಲ್ಲ ಹೆಸರಾದ ವಿದ್ವಾಂಸ ಅವರು. ಕೈಕೆಲಸವನ್ನು ಕಲಿಯುವಾಗ ಬುದ್ಧಿಯ ಪಾತ್ರ ಎಷ್ಟು ಎಂಬ ವಿಷಯವನ್ನು ಗೋಪಾಲಸ್ವಾಮಿ ಪ್ರಯೋಗಗಳ ಮೂಲಕ ಪರೀಕ್ಷಿಸಿದರು. ಆ ಕುರಿತ ಅವರ ಬರಹ 1924ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸೈಕಾಲಜಿಯಲ್ಲಿ ಅಚ್ಚಾಯಿತು.

ಅದೇ 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾಯಿತು. ಭಾರತದಲ್ಲಿ ಆ ಹೊತ್ತಿಗೆ ಈ ವಿಷಯ ಇನ್ನೂ ಹೊಸದು. ಕಲ್ಕತ್ತಾ ವಿಶ್ವವಿದ್ಯಾಲಯ 1916ರಲ್ಲಿ ವಿಭಾಗ ತೆರೆದಿತ್ತು. ಅದರ ನಂತರ ಶುರುವಾದ ಮೊದಲ ಕೆಲವು ವಿಭಾಗಗಳಲ್ಲಿ ಮೈಸೂರಿನದೂ ಒಂದು. ಅದನ್ನು ಕಟ್ಟಿದವರು ಗೋಪಾಲಸ್ವಾಮಿ. ಮಹಾರಾಜಾ ಕಾಲೇಜಿನಲ್ಲಿ ಅವರು ಪ್ರಾಧ್ಯಾಪಕರಾಗಿದ್ದರು, ಮುಂದೆ ಪ್ರಾಂಶುಪಾಲರೂ ಆದರು.

ಮನಶ್ಶಾಸ್ತ್ರ ಎಂದ ಕೂಡಲೇ ಕುರ್ಚಿಯಲ್ಲಿ ಕುಳಿತು ಯೋಚಿಸುವ ವಿದ್ಯೆ ಎಂದು ಹಲವರು ತಿಳಿಯುತ್ತಾರೆ. ಗೋಪಾಲಸ್ವಾಮಿ ಕಲಿತದ್ದು ಆ ಬಗೆಯದಲ್ಲ. ಅದು ಪ್ರಯೋಗಶಾಲೆಯ ಮನಶ್ಶಾಸ್ತ್ರ. ಸಂಕೇತ ಕೊಟ್ಟ ಎಷ್ಟು ಹೊತ್ತಿಗೆ ಬೆರಳು ಅಲುಗಿತು, ಎಷ್ಟನೆಯ ಪ್ರಯತ್ನಕ್ಕೆ ತಪ್ಪು ಕಡಿಮೆಯಾಯಿತು ಎಂಬುದನ್ನೆಲ್ಲ ಯಂತ್ರದಿಂದ ಅಳೆದು ಬರೆದಿಡುವ ವಿದ್ಯೆ. ಉಪಕರಣಗಳ ಜೊತೆ ಕೆಲಸ ಮಾಡಿ ಬಂದ ಮನುಷ್ಯ ವೈರು, ಬಲ್ಬು, ಬ್ಯಾಟರಿ ನೋಡಿ ಹಿಂದೆ ಸರಿಯದಿದ್ದರೆ ಆಶ್ಚರ್ಯವೇನೂ ಇಲ್ಲ.

ಮನೆಯಲ್ಲೇ ರೇಡಿಯೋ ಕೇಂದ್ರ

1930ರ ದಶಕದ ಆರಂಭದಲ್ಲಿ ಭಾರತದ ಪ್ರಸಾರದ ಸ್ಥಿತಿ ಚೆನ್ನಾಗಿರಲಿಲ್ಲ. 1923 ಮತ್ತು 1924ರಲ್ಲಿ ಮುಂಬೈ, ಮದ್ರಾಸುಗಳಲ್ಲಿ ಹವ್ಯಾಸಿಗಳ ರೇಡಿಯೋ ಕ್ಲಬ್ಬುಗಳು ಸಣ್ಣದಾಗಿ ಪ್ರಸಾರ ಮಾಡಿದ್ದವು. ಮದ್ರಾಸಿನ ಕ್ಲಬ್ಬು ಹಣವಿಲ್ಲದೆ 1927ರಲ್ಲಿ ನಿಂತುಹೋಯಿತು. ಅದೇ ವರ್ಷ ಜುಲೈ 23ರಂದು ಮುಂಬೈಯಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ಪ್ರಸಾರ ಶುರುವಾಯಿತು. ಅದಕ್ಕೂ ಲೈಸೆನ್ಸ್ ಹಣ ಸಾಲಲಿಲ್ಲ. 1930ರಲ್ಲಿ ಕಂಪನಿ ಮುಚ್ಚಿತು, ಸರ್ಕಾರ ಅದನ್ನು ಕೈಗೆ ತೆಗೆದುಕೊಂಡಿತು. ದುಡ್ಡಿದ್ದ ಕಂಪನಿಯೇ ಸೋತಿದ್ದ ಕೆಲಸ ಇದು ಎಂಬುದನ್ನು ನೆನಪಿಡಿ.

ಇಂಥ ಹೊತ್ತಿನಲ್ಲಿ, 1935ರ ಸೆಪ್ಟೆಂಬರ್ 10ರಂದು, ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆ ವಿಠ್ಠಲ ವಿಹಾರದಿಂದ ಪ್ರಸಾರ ಆರಂಭಿಸಿದರು. ಭಾರತದ ಮೊಟ್ಟಮೊದಲ ಖಾಸಗಿ ರೇಡಿಯೋ ಎಂದು ಕೆಲವರು ಇದನ್ನು ಕರೆಯುವುದುಂಟು. ಮುಂಬೈ, ಮದ್ರಾಸಿನ ಕ್ಲಬ್ಬುಗಳನ್ನು ಲೆಕ್ಕಕ್ಕೆ ಹಿಡಿದರೆ ಅದು ಸರಿಯಲ್ಲ. ಆದರೆ ಕನ್ನಡ ನಾಡಿನ ಬಾನುಲಿಯ ಕಥೆ ಈ ಮನೆಯಿಂದಲೇ ಶುರುವಾಗುತ್ತದೆ.

ಆ ಕೇಂದ್ರದ ಟ್ರಾನ್ಸ್‌ಮಿಟರಿನ ಶಕ್ತಿ ಕೇವಲ 30 ವ್ಯಾಟ್. ನಮ್ಮ ತರಗತಿಯಲ್ಲಿ ತಲೆಯ ಮೇಲೆ ತಿರುಗುವ ಸಾಧಾರಣ ಫ್ಯಾನು 75 ವ್ಯಾಟ್ ತಿನ್ನುತ್ತದೆ. ಅದರ ಅರ್ಧಕ್ಕಿಂತ ಕಡಿಮೆ ಶಕ್ತಿಯಲ್ಲಿ ಒಂದು ಊರಿಗೆ ದನಿ ಮುಟ್ಟಿಸುವ ಕೆಲಸ ನಡೆಯಿತು. ಮುಂದೆ 250 ವ್ಯಾಟಿನ ಟ್ರಾನ್ಸ್‌ಮಿಟರ್ ಬಂತು. ಖರ್ಚಿನ ಭಾರ ಹೊತ್ತವರು ಮೊದಲಿಗೆ ಗೋಪಾಲಸ್ವಾಮಿಯವರೇ.

ಮೊದಲ ಪ್ರಸಾರದಲ್ಲಿ ಕುವೆಂಪು ಕವಿತೆ ಓದಿದರೆಂದು ಮೈಸೂರಿನಲ್ಲಿ ಇಂದಿಗೂ ನೆನೆಯುತ್ತಾರೆ. ಕೇಂದ್ರದ ಕೆಲಸದಲ್ಲಿ ಗೋಪಾಲಸ್ವಾಮಿಯವರಿಗೆ ಹೆಗಲು ಕೊಟ್ಟವರಲ್ಲಿ ಅದೇ ಕಾಲೇಜಿನ ಚರಿತ್ರೆಯ ಅಧ್ಯಾಪಕ ನಾ. ಕಸ್ತೂರಿ ಮುಖ್ಯರು. ಆಕಾಶವಾಣಿ ಎಂಬ ಹೆಸರು ಅವರ ಸೂಚನೆ ಎಂಬ ಮಾತು ಪ್ರಚಲಿತವಾಗಿದೆ. ಕಸ್ತೂರಿಯವರು ಹುಟ್ಟಿದ್ದು ಕೇರಳದಲ್ಲಿ, ಅವರ ಮನೆಮಾತು ಮಲಯಾಳ. ಆದರೂ ಕನ್ನಡದ ದೊಡ್ಡ ಹಾಸ್ಯ ಬರಹಗಾರರಾದರು. ಮನೆಯಲ್ಲಿ ಉರ್ದು, ಸಂತೆಯಲ್ಲಿ ಮರಾಠಿ, ತರಗತಿಯಲ್ಲಿ ಕನ್ನಡ ಆಡುವ ನಮ್ಮ ಗಡಿಭಾಗದವರಿಗೆ ಇದು ವಿಚಿತ್ರವೇನೂ ಅನ್ನಿಸಲಾರದು. ಒಬ್ಬ ಮನಶ್ಶಾಸ್ತ್ರದವರು, ಒಬ್ಬ ಚರಿತ್ರೆಯವರು: ಕನ್ನಡದ ರೇಡಿಯೋ ನಿಂತದ್ದು ಇಂಥವರ ದುಡಿಮೆಯ ಮೇಲೆ.

ಕೇಳುವವರ ಪೆಟ್ಟಿಗೆ

ಹಾಡುವವರು, ಮಾತನಾಡುವವರು ಮೈಕಿನ ಮುಂದೆ ನಿಂತರೆ ಸಾಲದು. ಆ ಕಡೆ ಕೇಳುವ ಪೆಟ್ಟಿಗೆ ಬೇಕು. ಆಗ ಟ್ರಾನ್ಸಿಸ್ಟರ್ ಹುಟ್ಟಿರಲಿಲ್ಲ. ಕಳಿಸುವ ಯಂತ್ರವೂ ಕೇಳುವ ಯಂತ್ರವೂ ವಾಲ್ವ್ ಎಂಬ ಗಾಜಿನ ಬಲ್ಬುಗಳಿಂದಲೇ ನಡೆಯಬೇಕಿತ್ತು. 1904ರಲ್ಲಿ ಫ್ಲೆಮಿಂಗ್ ಎರಡು ಎಲೆಕ್ಟ್ರೋಡಿನ ವಾಲ್ವ್ ಮಾಡಿದರು. 1906ರಲ್ಲಿ ಡಿ ಫಾರೆಸ್ಟ್ ಅದರ ನಡುವೆ ಗ್ರಿಡ್ ಎಂಬ ಮೂರನೆಯದನ್ನು ಸೇರಿಸಿದರು.

ದ್ವಿತೀಯ ಪಿಯುಸಿ ಭೌತಶಾಸ್ತ್ರದಲ್ಲಿ ಥರ್ಮಿಯಾನಿಕ್ ಎಮಿಷನ್ ಎಂದು ಓದುತ್ತೀರಲ್ಲ, ವಾಲ್ವ್ ಎಂದರೆ ಅದೇ. ಗಾಳಿ ತೆಗೆದ ಗಾಜಿನೊಳಗೆ ಒಂದು ತೆಳು ತಂತಿ ಇರುತ್ತದೆ. ಅದು ಫಿಲಮೆಂಟ್. ಅದನ್ನು ಕಾಯಿಸಿದರೆ ಎಲೆಕ್ಟ್ರಾನುಗಳು ಹೊರಬೀಳುತ್ತವೆ. ಸುತ್ತಲಿನ ಪ್ಲೇಟಿಗೆ ಹೆಚ್ಚು ಧನ ವೋಲ್ಟೇಜ್ ಕೊಟ್ಟರೆ ಅವು ಅತ್ತ ಓಡುತ್ತವೆ. ನಡುವಿನ ಗ್ರಿಡ್ಡಿಗೆ ಬರುವ ಸಣ್ಣ ಸಂಕೇತ ಆ ಓಟವನ್ನು ಹೆಚ್ಚುಕಡಿಮೆ ಮಾಡುತ್ತದೆ. ಹೀಗೆ ಸಣ್ಣ ದನಿ ದೊಡ್ಡದಾಗುತ್ತದೆ.

ಇದರಿಂದ ಒಂದು ವಿಷಯ ಹೊಳೆಯಬೇಕು. ವಾಲ್ವಿಗೆ ಎರಡು ಬಗೆಯ ವಿದ್ಯುತ್ ಬೇಕು. ಕಾಯಿಸಲು ಕಡಿಮೆ ವೋಲ್ಟೇಜ್, ಎಳೆಯಲು ಹೆಚ್ಚು ವೋಲ್ಟೇಜ್. ಮೈಸೂರು ನಗರಕ್ಕೆ ಶಿವನಸಮುದ್ರದ ವಿದ್ಯುತ್ 1908ರಲ್ಲೇ ಬಂದಿತ್ತು, ಅಲ್ಲಿ ತೊಂದರೆ ಇರಲಿಲ್ಲ. ಆದರೆ ಕರೆಂಟ್ ಕಾಣದ ಸಾವಿರಾರು ಹಳ್ಳಿಗಳಲ್ಲಿ ರೇಡಿಯೋ ಎಂದರೆ ಬ್ಯಾಟರಿ ರೇಡಿಯೋ. ಮೊದಲು 2 ವೋಲ್ಟಿನ ಆಸಿಡ್ ಬ್ಯಾಟರಿಯನ್ನು ಹೊತ್ತುಕೊಂಡು ಪೇಟೆಗೆ ಹೋಗಿ ಚಾರ್ಜ್ ಮಾಡಿಸಿ ತರಬೇಕಿತ್ತು. 1930ರ ದಶಕದ ಕೊನೆಗೆ 1.4 ವೋಲ್ಟಿನಲ್ಲಿ ಕಾಯುವ ವಾಲ್ವುಗಳು ಬಂದವು. ಆಮೇಲೆ ಒಣ ಸೆಲ್ಲುಗಳ ಮೇಲೆ ನಡೆಯುವ, ಹಿಡಿಕೆ ಹಿಡಿದು ಒಯ್ಯುವ ಪೋರ್ಟಬಲ್ ರೇಡಿಯೋಗಳು ಬಂದವು.

ಮನೆಯಿಂದ ಸರ್ಕಾರಕ್ಕೆ

ಸುಮಾರು ಆರು ವರ್ಷ ನಡೆಸಿದ ಮೇಲೆ, 1940ರ ದಶಕದ ಆರಂಭದಲ್ಲಿ, ಆಕಾಶವಾಣಿಯನ್ನು ಮೈಸೂರು ಸಂಸ್ಥಾನದ ಸರ್ಕಾರ ವಹಿಸಿಕೊಂಡಿತು. ತಾನು ಕಟ್ಟಿದ್ದು ತನ್ನ ಹೆಸರಿನಲ್ಲೇ ಉಳಿಯಲಿ ಎಂಬ ಹಟ ಇದ್ದಿದ್ದರೆ ಕೇಂದ್ರ ಬಹುಶಃ ಮದ್ರಾಸಿನ ಕ್ಲಬ್ಬಿನ ದಾರಿ ಹಿಡಿಯುತ್ತಿತ್ತು. ಕೈ ಬದಲಾದ್ದರಿಂದ ಅದು ಉಳಿಯಿತು. 1950ರ ಏಪ್ರಿಲ್ 1ರಂದು ಆಲ್ ಇಂಡಿಯಾ ರೇಡಿಯೋ ಸೇರಿತು. 1955ರ ನವೆಂಬರಿನಲ್ಲಿ ಬೆಂಗಳೂರಿಗೆ ಹೋಯಿತು. ಮೈಸೂರಿಗೆ ಮತ್ತೆ ಸ್ವಂತ ಕೇಂದ್ರ ಬಂದದ್ದು 1974ರಲ್ಲಿ.

ನಮ್ಮ ಭಾಗದ ಕಥೆ ಬೇರೆ. ನಾವು ಆಗ ಮುಂಬೈ ಪ್ರಾಂತದಲ್ಲಿದ್ದೆವು. ಮೈಸೂರಿನ 30 ವ್ಯಾಟಿನ ದನಿ ಕೃಷ್ಣಾ, ದೂಧಗಂಗಾ ತೀರದವರೆಗೆ ಬರುವಂತಿರಲಿಲ್ಲ. 1950ರ ಜನವರಿ 8ರಂದು ಧಾರವಾಡ ಕೇಂದ್ರ ಶುರುವಾದ ಮೇಲೆ ನಮ್ಮ ಕಡೆಯ ಕನ್ನಡ ನಮ್ಮ ಮನೆಗಳಲ್ಲಿ ಕೇಳಿಸಿತು. ಮುಂದೆ 1957ರಲ್ಲಿ ಇಡೀ ಭಾರತದ ರೇಡಿಯೋಗೆ ಆಕಾಶವಾಣಿ ಎಂಬ ಹೆಸರಾಯಿತು. ಮೈಸೂರಿನ ಒಂದು ಮನೆಯ ಫಲಕದ ಹೆಸರು ದೇಶದ ಹೆಸರಾದಂತಾಯಿತು.

ಗೋಪಾಲಸ್ವಾಮಿಯವರು ಕಣ್ಮುಚ್ಚಿ ಹಲವು ದಶಕಗಳಾದವು. ಆ ಕಾಲದ ಪ್ರಸಾರವೆಲ್ಲ ಮೈಕಿನ ಮುಂದೆ ನಿಂತು ನೇರವಾಗಿ ಮಾಡಿದ್ದು. ಟೇಪ್ ರೆಕಾರ್ಡರ್ ನಮ್ಮಲ್ಲಿಗೆ ಬಂದಿರಲಿಲ್ಲ. ಆಡಿದ ಮಾತು ಆ ಕ್ಷಣಕ್ಕೇ ಗಾಳಿಯಲ್ಲಿ ಹೋಯಿತು. ಆ ಯುಗದ ಸಾಕ್ಷಿಯಾಗಿ ಇಂದು ಕೈಗೆ ಸಿಗುವುದು ಎಂದರೆ ವಾಲ್ವ್ ರೇಡಿಯೋಗಳು ಮಾತ್ರ. ಅವೂ ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋಗುತ್ತಿವೆ. ಇನ್ನು ಕೆಲವು, ಕೆಲಸ ಮಾಡುತ್ತದೆಯೇ ನೋಡೋಣ ಎಂದು ಯಾರೋ ಅವಸರದಲ್ಲಿ ಪ್ಲಗ್ಗಿಗೆ ಹಾಕಿದ ಒಂದೇ ಕ್ಷಣದಲ್ಲಿ ಸುಟ್ಟುಹೋಗುತ್ತವೆ.

ಅಟ್ಟದ ಮೇಲಿನ ರೇಡಿಯೋ: ಮೊದಲು ಗುರುತಿಸಿ

ನಿಮ್ಮ ಮನೆಯಲ್ಲಿ ಅಂಥದ್ದು ಇದ್ದರೆ ಮೊದಲು ಯಾವ ವಿದ್ಯುತ್ತನ್ನೂ ಕೊಡಬೇಡಿ. ಹಿಂಬದಿಯ ಮುಚ್ಚಳ ತೆಗೆದು ನೋಡಿ. ಒಳಗೆ ಯಾವ ವಾಲ್ವ್ ಎಲ್ಲಿ ಎಂದು ತೋರಿಸುವ ಕಾಗದ ಅಂಟಿಸಿರುವುದುಂಟು. ಅದು ಇಲ್ಲದಿದ್ದರೆ ಗಾಜಿನ ಮೇಲಿನ ಅಕ್ಷರ ಓದಿ. ಗಾಜನ್ನು ಬಟ್ಟೆಯಿಂದ ಉಜ್ಜಬೇಡಿ, ಅಕ್ಷರ ಅಳಿಸಿಹೋಗುತ್ತದೆ. ಬಾಯಿಂದ ಹಬೆ ಊದಿದರೆ ಮಸುಕಾದ ಅಕ್ಷರವೂ ಕಾಣುತ್ತದೆ.

ಯುರೋಪಿನ ಪದ್ಧತಿಯಲ್ಲಿ ಮೊದಲ ಅಕ್ಷರವೇ ಫಿಲಮೆಂಟಿನ ಗುಟ್ಟು ಹೇಳುತ್ತದೆ. ಡಿ ಎಂದರೆ 1.4 ವೋಲ್ಟ್, ಅಂದರೆ ಬ್ಯಾಟರಿ ರೇಡಿಯೋ. ಇ ಎಂದರೆ 6.3 ವೋಲ್ಟ್, ಸಾಮಾನ್ಯವಾಗಿ ಮನೆಯ ಕರೆಂಟಿನ ರೇಡಿಯೋ. ಯು ಎಂದರೆ ಫಿಲಮೆಂಟುಗಳನ್ನು ಸಾಲಾಗಿ ಜೋಡಿಸಿ ನೇರವಾಗಿ ಕರೆಂಟಿಗೆ ಹಾಕುವ ಬಗೆ. ಅಮೆರಿಕದ ಪದ್ಧತಿಯಲ್ಲಿ ಮೊದಲ ಅಂಕಿಯೇ ಹೆಚ್ಚುಕಡಿಮೆ ಫಿಲಮೆಂಟಿನ ವೋಲ್ಟೇಜು.

ಪೋರ್ಟಬಲ್ ರೇಡಿಯೋಗಳಲ್ಲಿ ಬಹಳ ಕಡೆ ಸಿಗುವುದು ಏಳು ಕಾಲಿನ ನಾಲ್ಕು ಸಣ್ಣ ವಾಲ್ವುಗಳ ಗುಂಪು: ಡಿಕೆ91, ಡಿಎಫ್91, ಡಿಎಎಫ್91, ಡಿಎಲ್92. ಅಮೆರಿಕದ ಹೆಸರಿನಲ್ಲಿ ಇವೇ 1ಆರ್5, 1ಟಿ4, 1ಎಸ್5, 3ಎಸ್4. ಈ ನಾಲ್ಕು ಕಂಡರೆ ನಿಮ್ಮ ಕೈಯಲ್ಲಿರುವುದು ಬ್ಯಾಟರಿಯ ಸೂಪರ್‌ಹೆಟೆರೊಡೈನ್ ರೇಡಿಯೋ ಎಂದು ತಿಳಿಯಿರಿ.

ಡಯಲ್ಲಿನ ಮೇಲೆ ಕಿಲೋಹರ್ಟ್ಸ್ ಬದಲು ಮೀಟರ್ ಎಂದು ಬರೆದಿದ್ದರೆ ಗಾಬರಿಯಾಗಬೇಡಿ. 3,00,000ವನ್ನು ಕಿಲೋಹರ್ಟ್ಸಿನಿಂದ ಭಾಗಿಸಿದರೆ ಮೀಟರ್ ಸಿಗುತ್ತದೆ. ಧಾರವಾಡದ ಮಧ್ಯಮ ತರಂಗ 765 ಕಿಲೋಹರ್ಟ್ಸ್. ಲೆಕ್ಕ ಹಾಕಿದರೆ ಸುಮಾರು 392 ಮೀಟರ್. ಹಳೆಯ ಡಯಲ್ಲಿನಲ್ಲಿ ಮುಳ್ಳನ್ನು ಅಲ್ಲಿಗೆ ತರಬೇಕು.

ಆಮೇಲೆ ವಿದ್ಯುತ್ ಕೊಡಿ

ಮೇಲಿನ ನಾಲ್ಕು ವಾಲ್ವುಗಳ ಫಿಲಮೆಂಟುಗಳು ಸಮಾಂತರವಾಗಿದ್ದರೆ ಮೂರಕ್ಕೆ ತಲಾ 50, ಕೊನೆಯದಕ್ಕೆ 100, ಒಟ್ಟು 250 ಮಿಲಿ ಆಂಪಿಯರ್ ಬೇಕು. ಒಂದು ದೊಡ್ಡ ಟಾರ್ಚ್ ಸೆಲ್ಲು ಸಾಕು. ಪ್ಲೇಟಿಗೆ 67.5 ಅಥವಾ 90 ವೋಲ್ಟ್ ಬೇಕು, ಕರೆಂಟು ಮಾತ್ರ ಸುಮಾರು 10 ಮಿಲಿ ಆಂಪಿಯರ್. ಒಟ್ಟು ಶಕ್ತಿ ಲೆಕ್ಕ ಹಾಕಿ: 0.35 ವ್ಯಾಟ್ ಮತ್ತು 0.9 ವ್ಯಾಟ್ ಸೇರಿ 1.25 ವ್ಯಾಟ್. ಹಿಂದೆ 90 ವೋಲ್ಟಿನ ಬ್ಯಾಟರಿ ಎಂದರೆ ಒಂದೇ ಡಬ್ಬಿಯಲ್ಲಿ 60 ಸಣ್ಣ ಸೆಲ್ಲುಗಳು. ಅದು ಈಗ ಅಂಗಡಿಯಲ್ಲಿ ಸಿಗುವುದು ಕಷ್ಟ. ಅದರ ಬದಲು 9 ವೋಲ್ಟಿನ 10 ಬ್ಯಾಟರಿಗಳನ್ನು ಸಾಲಾಗಿ ಜೋಡಿಸಬಹುದು. 67.5 ವೋಲ್ಟಿನ ರೇಡಿಯೋಗೆ ಏಳು ಬ್ಯಾಟರಿಗಳ 63 ವೋಲ್ಟ್ ಸಾಕಾಗುತ್ತದೆ.

ಈ ಕೆಲಸವನ್ನು ಒಬ್ಬರೇ ಮನೆಯಲ್ಲಿ ಮಾಡಬೇಡಿ. ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಉಪನ್ಯಾಸಕರ ಎದುರಿಗೆ ಮಾಡಿ. ಕ್ರಮ ಹೀಗಿರಲಿ.

ಮೊದಲನೆಯದು, ವಾಲ್ವನ್ನು ಹೊರತೆಗೆದು ಒಂದನೆಯ ಮತ್ತು ಏಳನೆಯ ಕಾಲಿನ ನಡುವೆ ಡಿಜಿಟಲ್ ಮಲ್ಟಿಮೀಟರ್ ಹಿಡಿಯಿರಿ. ಮೇಲೆ ಹೇಳಿದ ನಾಲ್ಕರಲ್ಲೂ ಫಿಲಮೆಂಟಿನ ತುದಿಗಳು ಅಲ್ಲೇ ಇವೆ. ದಾರಿ ತೋರಿಸದಿದ್ದರೆ ಫಿಲಮೆಂಟ್ ಕಡಿದಿದೆ ಎಂದರ್ಥ.

ಎರಡನೆಯದು, ಹೆಚ್ಚು ವೋಲ್ಟಿನ ತಂತಿ ಯಾವುದು, ಕಡಿಮೆ ವೋಲ್ಟಿನದು ಯಾವುದು ಎಂದು ಎರಡೆರಡು ಸಲ ಖಚಿತ ಮಾಡಿಕೊಳ್ಳಿ. 90 ವೋಲ್ಟ್ ಅಕಸ್ಮಾತ್ ಫಿಲಮೆಂಟಿಗೆ ಹೋದರೆ ನಾಲ್ಕೂ ವಾಲ್ವು ಒಟ್ಟಿಗೇ ಹೋಗುತ್ತವೆ. ಹೆಚ್ಚು ವೋಲ್ಟಿನ ದಾರಿಯಲ್ಲಿ 1 ಕಿಲೋ ಓಮ್ ನಿರೋಧಕ ಇಟ್ಟರೆ ಎಡವಟ್ಟಾದರೂ ಕರೆಂಟು 90 ಮಿಲಿ ಆಂಪಿಯರ್ ಮೀರದು. ಓಮ್‌ನ ನಿಯಮ ಪರೀಕ್ಷೆಗಷ್ಟೇ ಅಲ್ಲ ಎಂಬುದು ಇಲ್ಲಿ ತಿಳಿಯುತ್ತದೆ.

ಮೂರನೆಯದು, ಎರಡೂ ಬ್ಯಾಟರಿಗಳ ಋಣ ತುದಿಗಳನ್ನು ಹೊರಗೆ ನೀವಾಗಿಯೇ ಸೇರಿಸಬೇಡಿ. ಹಲವು ರೇಡಿಯೋಗಳಲ್ಲಿ ಅವುಗಳ ನಡುವೆ ಒಳಗೇ ಒಂದು ನಿರೋಧಕ ಇರುತ್ತದೆ. ಕೊನೆಯ ವಾಲ್ವಿನ ಗ್ರಿಡ್ಡಿಗೆ ಬೇಕಾದ ಋಣ ವೋಲ್ಟೇಜು ಅದರಿಂದಲೇ ಬರುತ್ತದೆ.

ನಾಲ್ಕನೆಯದು, ಹಳೆಯ ಕಾಗದದ ಕೆಪಾಸಿಟರುಗಳು ಸೋರುತ್ತವೆ. ಕೊನೆಯ ವಾಲ್ವಿನ ಗ್ರಿಡ್ಡಿಗೆ ಹೋಗುವ ಕೆಪಾಸಿಟರನ್ನು ಮೊದಲೇ ಬದಲಿಸಿ. ಆಮೇಲೆ ಫಿಲಮೆಂಟಿಗೆ, ಕೊನೆಯಲ್ಲಿ ಹೆಚ್ಚು ವೋಲ್ಟಿಗೆ ಸಂಪರ್ಕ ಕೊಡಿ. ಈ ವಾಲ್ವುಗಳು ಬಲ್ಬಿನಂತೆ ಬೆಳಗುವುದಿಲ್ಲ, ಕತ್ತಲಲ್ಲಿ ನೋಡಿದರೂ ಕಾಣುವುದು ಮಂದ ಕೆಂಪು. ಬೆಳಕು ಕಾಣದೆಂದು ವೋಲ್ಟೇಜು ಏರಿಸಬೇಡಿ.

ಇನ್ನೊಂದು ಎಚ್ಚರಿಕೆ. ಬ್ಯಾಟರಿ ಮತ್ತು ಕರೆಂಟು ಎರಡರಲ್ಲೂ ನಡೆಯುವ ಪೋರ್ಟಬಲ್‌ಗಳೂ ಇವೆ. ಅವುಗಳಲ್ಲಿ ಫಿಲಮೆಂಟುಗಳು ಸಾಲಾಗಿರುವುದುಂಟು, ಆಗ ಒಂದು ಸೆಲ್ಲು ಸಾಲದು. ಅಮೆರಿಕದಿಂದ ಬಂದದ್ದಾದರೆ ಅದು 117 ವೋಲ್ಟಿಗೆ ಮಾಡಿದ್ದು, ನಮ್ಮ 230 ವೋಲ್ಟಿಗೆ ಹಾಕಿದರೆ ಸುಡುತ್ತದೆ. ಜೊತೆಗೆ ಇಂಥ ರೇಡಿಯೋದ ಲೋಹದ ಚೌಕಟ್ಟಿಗೇ ಕರೆಂಟು ಬರಬಹುದು. ಅದರ ತಂಟೆಗೆ ಅನುಭವಿ ಮೆಕ್ಯಾನಿಕ್ ಇಲ್ಲದೆ ಹೋಗಬಾರದು.

ನಾವು ಮಾಡಬಹುದಾದದ್ದು

ಗೋಪಾಲಸ್ವಾಮಿಯವರು ಮನಶ್ಶಾಸ್ತ್ರ ಓದಿದವರು ಎಂಬ ಕಾರಣಕ್ಕೆ ರೇಡಿಯೋ ತಮ್ಮ ಕೆಲಸವಲ್ಲ ಎಂದು ಕೈಕಟ್ಟಿ ಕೂರಲಿಲ್ಲ. ಇಂದು ಕಲಾ ವಿಭಾಗದ ಹುಡುಗಿಯೊಬ್ಬಳು ವಾಲ್ವಿನ ನಂಬರು ಓದಬಾರದು ಎಂದೇನಿಲ್ಲ. ವಿಜ್ಞಾನದ ಹುಡುಗನೊಬ್ಬ ಆ ರೇಡಿಯೋ ಕೊಂಡ ಮುತ್ತಜ್ಜನ ಕಥೆ ಬರೆಯಬಾರದು ಎಂದೂ ಇಲ್ಲ.

ರಜೆಯಲ್ಲಿ ಊರಿಗೆ ಹೋದಾಗ ಮನೆಯ ಹಿರಿಯರನ್ನು ಕೇಳಿ. ರೇಡಿಯೋ ಇದ್ದರೆ ಮೇಲಿನ ಹೆಸರು, ವಾಲ್ವಿನ ನಂಬರು, ಯಾವಾಗ ಯಾರು ಎಲ್ಲಿಂದ ತಂದರು ಎಂಬುದನ್ನು ಒಂದು ಪುಟದಲ್ಲಿ ಬರೆದುಕೊಳ್ಳಿ. ಆಗ ರೇಡಿಯೋ ಕೇಳಲು ಲೈಸೆನ್ಸ್ ಬೇಕಿತ್ತು, ಅಂಚೆ ಕಚೇರಿಯಲ್ಲಿ ಹಣ ಕಟ್ಟಬೇಕಿತ್ತು. ಆ ಲೈಸೆನ್ಸ್ ಪುಸ್ತಕ ಹಳೆಯ ಕಾಗದಗಳ ನಡುವೆ ಉಳಿದಿದ್ದರೆ ಅದನ್ನೂ ಎಸೆಯದೆ ತೆಗೆದಿಡಿ. ಹಿರಿಯರು ಒಪ್ಪಿದರೆ ರೇಡಿಯೋವನ್ನು ಕಾಲೇಜಿನ ಪ್ರಯೋಗಾಲಯಕ್ಕೆ ತನ್ನಿ. ನಡೆಯದೇ ಹೋದರೂ ಚಿಂತೆಯಿಲ್ಲ, ಥರ್ಮಿಯಾನಿಕ್ ಎಮಿಷನ್ ಎಂದರೇನು ಎಂದು ಕೈಯಲ್ಲಿ ಹಿಡಿದು ತೋರಿಸಲು ಅದೊಂದು ವಾಲ್ವು ಸಾಕು. ನಡೆದರೆ ಮುಳ್ಳನ್ನು 392 ಮೀಟರಿಗೆ ತಿರುಗಿಸಿ, ಧಾರವಾಡ ಹಿಡಿಯುತ್ತದೆಯೇ ನೋಡೋಣ.